ಎ ಗುಂಡಿ ಇಲ್ಲದ ಕಂಟ್ರೋಲರ್

"ನಾ ಏನೂ ತಪ್ಪ ಮಾಡಿಲ್ರಿ ಬಾಯಾರ. ಡ್ರೋನ್ ತಾನ ಎಡಕ್ಕ ಹೋಗಿ ಬಿತ್ತು!"

ಮೆಟ್ಟಿಲು ಹತ್ತಿ ಬಂದ ಹುಡುಗಿ ಇಷ್ಟು ಹೇಳಿ ಬಾಗಿಲಲ್ಲೇ ಅತ್ತುಬಿಟ್ಟಳು. ಅವಳು ಶೇಡಬಾಳದ ನೀಲಮ. ಕಾಗವಾಡದ ಆ ಕಟ್ಟಡದ ಕೆಳ ಅಂತಸ್ತಿನಲ್ಲಿ ದ್ರಾಕ್ಷಿಗೆ ಔಷಧ ಹೊಡೆಯುವ ಡ್ರೋನ್ ಹಾರಿಸಲು ಕಲಿಸುವ ಕೇಂದ್ರವಿತ್ತು. ನಿಜವಾದ ಡ್ರೋನ್ ಕೈಗೆ ಸಿಗಬೇಕಾದರೆ ಮೊದಲು ಕಂಪ್ಯೂಟರಿನಲ್ಲಿ, ಆಟದ ಕಂಟ್ರೋಲರ್ ಹಿಡಿದು ಹಾರಿಸಿ ತೋರಿಸಬೇಕು. ಉಳಿದಿದ್ದದ್ದು ಒಂದೇ ಸೀಟು. ಪರೀಕ್ಷಕ ಭೀಮಗೊಂಡರು ನಾಲ್ಕು ಗಂಟೆಗೆ ಹೆಸರು ಕಳಿಸುವವರಿದ್ದರು. ಆಗಲೇ ಎರಡೂವರೆ.

ಮೇಲಿನ ಕೋಣೆಯಲ್ಲಿ ವಾಸವಿದ್ದವಳು ತುಳಸವ್ವ. ಚಿಕ್ಕೋಡಿಯ ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಮಂದಿಯ ಮಾತಿಗೆ ಕಿವಿಗೊಟ್ಟು ಕೂತವಳಿಗೆ, ನಿವೃತ್ತಿಯ ಮೇಲೆ ಊರವರ ಗುಟ್ಟು ಬಿಡಿಸುವ ಚಟ ಹತ್ತಿತ್ತು. ಅದೇ ಕಚೇರಿಯಲ್ಲಿ ತಂತಿ ರಿಪೇರಿಗೆ ಕಂಬ ಹತ್ತುತ್ತಿದ್ದ ನಾನು ಚಹಾಕ್ಕೆಂದು ಬಂದು ಪ್ರತಿ ಸಲ ಅವಳ ಬೆನ್ನು ಹತ್ತುತ್ತಿದ್ದೆ.

"ಬಿದ್ದಾಗ ಏನ ಕಂಡಿ, ಹೇಳು," ಎಂದಳು ತುಳಸವ್ವ.

"ಮ್ಯಾಲ ಎತ್ತಾಕ 'ಎ' ಒತ್ರಿ ಅಂತ ಪರದೆ ಮ್ಯಾಲ ಬಂತ್ರಿ. ನನ್ನ ಕಂಟ್ರೋಲರ್‌ದಾಗ ಎ ಅನ್ನೋದ ಇಲ್ಲ! ತ್ರಿಕೋನ, ದುಂಡಗಿಂದು, ಇಂಥಾವ ಅದಾವ. ಹುಡುಕೂದರಾಗ ಬಿದ್ದ ಹೋತು. ದಿನಾ ಬಿದ್ದಾಗ ಕಂಟ್ರೋಲರ್ ಕೈಯಾಗ ನಡಗತಿತ್ತು. ಇವತ್ತ ಅದೂ ಇಲ್ಲ."

ತುಳಸವ್ವ ಚಹಾದ ಕಪ್ಪು ಕೆಳಗಿಟ್ಟಳು. "ಏಳ ಬಾಳಾಸಾಬ, ಹೊತ್ತಿಲ್ಲ."

ನಾವು ಕೆಳಗೆ ಇಳಿದೆವು. ಪಡಸಾಲೆಯ ಬಾಕಿನ ಮೇಲೆ ಇಬ್ಬರಿದ್ದರು. ಒಬ್ಬ ರೋಹನ, ದ್ರಾಕ್ಷಿ ತೋಟದ ಮಾಲೀಕರ ಮಗ. ನೀಲಮ ಸೋತರೆ ಸೀಟು ಅವನದೇ. ಅವನ ಬೂಟು ನೋಡಿಯೇ ನನಗೆ ಸಿಟ್ಟು ಬಂತು. ಇನ್ನೊಬ್ಬ ನೀಲಮಳ ಅಣ್ಣ ಸಮಾಧಾನ, ತೋಟಗಳಲ್ಲಿ ಬೆನ್ನಿಗೆ ಪಂಪ್ ಹೊತ್ತು ಔಷಧ ಹೊಡೆಯುವವನು. ಊಟದ ಡಬ್ಬಿಯ ಚೀಲವನ್ನು ತೊಡೆಯಿಂದ ಇಳಿಸಿ, ಉಗುರಿನ ಸಂದಿಗೆಲ್ಲ ದ್ರಾಕ್ಷಿಗೆ ಹೊಡೆಯುವ ಮೈಲುತುತ್ತದ ನೀಲಿ ಕೂತ ಕೈಯಿಂದ ತಂಗಿಯ ಬೆನ್ನು ಸವರಿದ.

ಬೆಳಿಗ್ಗೆ ಅಭ್ಯರ್ಥಿಗಳಿಬ್ಬರೂ ಮೂರು ಕಂಟ್ರೋಲರ್ ಹಿಡಿದು ನೋಡಿದ್ದರಂತೆ. ಒಂದು ಕೇಬಲ್ಲಿನದು, ಚಿತ್ರದ ಗುಂಡಿಗಳದು. ಒತ್ತಿದ ಕೂಡಲೇ ಕೇಳುತ್ತದೆಂದು ನೀಲಮ ಅದನ್ನು ಆರಿಸಿದ್ದಳು. ಎರಡನೆಯದು ವೈರ್‌ಲೆಸ್, ಎ, ಬಿ ಅಕ್ಷರಗಳದು. ಕೈಗೆ ಹಿತವಾದರೂ ಹೆಬ್ಬೆರಳಿನಿಂದ ತಳ್ಳುವ ಕಡ್ಡಿ ಬಿಗಿ. ಮೂರನೆಯದರ ಕಡ್ಡಿ ಸವೆದು ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಭೀಮಗೊಂಡರು ಮೂರನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಬೇಡವಾದ ಎರಡನ್ನು ಪಡಸಾಲೆಯ ಕಪಾಟಿನಲ್ಲಿಟ್ಟಿದ್ದರು.

"ಕಡ್ಡಿ ಸವೆದಿರ್ಬೇಕು," ಎಂದೆ ನಾನು, ಎಲ್ಲ ಬಲ್ಲವನಂತೆ.

ತುಳಸವ್ವ ನೀಲಮಳ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕೈ ತೆಗೆದಳು. ಪರದೆಯ ಡ್ರೋನ್ ದ್ರಾಕ್ಷಿ ಸಾಲಿನ ಮೇಲೆ ಅಲುಗದೆ ನಿಂತಿತು. ಕಡ್ಡಿ ಸವೆದಿರಲಿಲ್ಲ.

ಅವಳು ಕಪಾಟಿನಿಂದ ವೈರ್‌ಲೆಸ್ ಕಂಟ್ರೋಲರ್ ತೆಗೆದು, ಕಡ್ಡಿಯ ಬುಡವನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದಳು. ಅಲ್ಲಿ ನೀಲಿಯ ಸಣ್ಣ ಗೆರೆಯಿತ್ತು. ಆಮೇಲೆ ರೋಹನನತ್ತ ತಿರುಗಿದಳು.

"ಡ್ರೋನ್ ಬಿದ್ದಾಗ ಹೊರಗ ಏನರೆ ಸಪ್ಪಳ ಕೇಳ್ತೇನು?"

"ಯಾರದೋ ಫೋನ್ ಗರ್ರ್ ಅಂತ್ರಿ. ಪಾತ್ರಿ ಮ್ಯಾಲ ಇಟ್ಟಂಗ."

"ಫೋನ್ ಎಲ್ಲಿಂದ ಬರ್ತಾವ್ರಿ?" ಭೀಮಗೊಂಡರು ರೇಗಿದರು. "ಎಲ್ಲಾರವೂ ಬಂದ್ ಮಾಡಿಸಿ ನನ್ನ ಬುಟ್ಟ್ಯಾಗ ಇಟ್ಟೀನಿ."

ಮೂರೂಕಾಲು. ತುಳಸವ್ವ ಎಲ್ಲರನ್ನೂ ಒಳಗೆ ಕರೆದು ಕೂರಿಸಿದಳು.

"ಈ ಕಂಪ್ಯೂಟರ್ ಯಾವ ಕಂಟ್ರೋಲರ್ ಕೊನೀಗೆ ಅಲುಗ್ತದೋ ಅದರ ಗುಂಡಿ ಹೆಸರ ತೋರಿಸ್ತದ. ನೋಡ್ರಿ." ಅವಳು ವೈರ್‌ಲೆಸ್ಸಿನ ಕಡ್ಡಿ ತಳ್ಳಿದಳು. ತ್ರಿಕೋನ ಮಾಯವಾಗಿ 'ಎ' ಬಂತು, ಡ್ರೋನ್ ಎಡಕ್ಕೆ ವಾಲಿ ಬಿತ್ತು, ಅವಳ ಕೈಯಲ್ಲಿದ್ದದ್ದು ಗರಗರ ನಡುಗಿತು. "ಇದರ ಸಿಗ್ನಲ್ ಹಿಡಿಯೋ ಉಗುರಿನಷ್ಟ ತುಂಡು ಬೆಳಿಗ್ಗಿಂದ ಕಂಪ್ಯೂಟರಿನ ಹಿಂದ ಸಿಕ್ಕಿಸಿದಂಗ ಐತಿ. ಯಾರೋ ಪಡಸಾಲಿಯಾಗ ಇದನ್ನ ಚೀಲದಾಗ ಮುಚ್ಚಿಟ್ಕೊಂಡು, ಕಿಟಕಿಯಿಂದ ಪರದೆ ನೋಡಿ ಕಡ್ಡಿ ತಳ್ಳಿ, ಆಮ್ಯಾಲ ಕಪಾಟಿನ್ಯಾಗ ವಾಪಸ್ ಇಟ್ಟಾರ. ನಡುಕ ನೀಲಮನ ಕೈಗೆ ಬರದ ಇಲ್ಲಿಗೆ ಬಂತು. ಫೋನ್ ಅಲ್ಲ, ಇದ ಗರ್ರ್ ಅಂದದ್ದು, ಸ್ಟೀಲ್ ಡಬ್ಬಿಗೆ ತಾಗಿ. ಒರೆಸಿಟ್ಟ ಮ್ಯಾಲ ಹತ್ತಿದ್ದು ಈ ನೀಲಿ. ಡಬ್ಬಿ ಇದ್ದದ್ದು ಯಾರ ಹತ್ರ, ಮೈಲುತುತ್ತ ಯಾರ ಉಗುರಾಗ ಐತಿ?"

ರೋಹನನನ್ನು ಮನಸ್ಸಿನಲ್ಲೇ ಜೈಲಿಗೆ ಕಳಿಸಿದ್ದ ನನಗೆ ನಾಚಿಕೆಯಾಯಿತು. ಸಮಾಧಾನ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಿದ್ದ.

"ನಮ್ಮ ಓಣ್ಯಾಗ ಹನ್ನೆರಡ ಮಂದಿ ಪಂಪ್ ಹೊರ್ತೀವ್ರಿ," ಎಂದ ಕೊನೆಗೆ. "ಇಕೀ ಡ್ರೋನ್ ಒಂದ ತಾಸಿನಾಗ ನಮ್ಮ ದಿನದ ಕೆಲಸ ಮುಗಸ್ತದ. ಅವರೆಲ್ಲಾ 'ನಿನ್ನ ತಂಗೀನ ನಮ್ಮ ಅನ್ನ ಕಸಗೊಳ್ತಾಳ' ಅಂದ್ರು. ಕಪಾಟಿನ್ಯಾಗ ಅದು ಕಣ್ಣಿಗೆ ಬಿತ್ತು. ಅಂಜಿದೆ."

ನೀಲಮ ಅಣ್ಣನ ಮುಖವನ್ನೇ ನೋಡಿದಳು. "ನನಗ ಹೇಳಬೇಕಿತ್ತಲ್ಲೋ ಅಣ್ಣಾ," ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ. ಅವನು ಎದ್ದು ಹೊರಗೆ ಹೋದ. ಚೀಲ ಬಾಕಿನ ಮೇಲೇ ಉಳಿಯಿತು.

ಭೀಮಗೊಂಡರು ಗಡಿಯಾರ ನೋಡಿ, ಹಿಂದಿನ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡರು. "ಇನ್ನೊಮ್ಮೆ ಹಾರಸವ್ವಾ."

ನೀಲಮ ಕಂಟ್ರೋಲರ್ ಕೈಗೆತ್ತಿಕೊಂಡಳು. ನನಗೆ ಡ್ರೋನ್ ನೋಡಲು ಧೈರ್ಯ ಸಾಲದೆ ಪರದೆಯ ಮೂಲೆಯನ್ನೇ ನೋಡುತ್ತ ನಿಂತೆ. ತ್ರಿಕೋನ ತ್ರಿಕೋನವಾಗಿಯೇ ಇತ್ತು. ಮೊದಲ ಸಾಲು, ಎರಡನೆಯದು, ತಿರುವು. ಕೊನೆಗೆ ಇಳಿಯುವ ವೃತ್ತದಲ್ಲಿ ಡ್ರೋನ್ ಕೂತಾಗ ಕಂಟ್ರೋಲರ್ ಮೆಲ್ಲಗೆ ನಡುಗಿತು. ನೀಲಮ ಬೆಚ್ಚಿಬಿದ್ದಳು. ಮೊದಲು ಚಪ್ಪಾಳೆ ಹೊಡೆದವನು ರೋಹನ.

ಅವಳು ಯಾರ ಮಾತಿಗೂ ನಿಲ್ಲದೆ ಚೀಲ ಎತ್ತಿಕೊಂಡು ಹೊರಟಳು. ಮೇಲಿನ ಕಿಟಕಿಯಿಂದ ನಾವಿಬ್ಬರೂ ನೋಡಿದೆವು. ಸಮಾಧಾನ ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದ. ನೀಲಮ ಅವನ ಪಕ್ಕದ ಕಟ್ಟೆಯ ಮೇಲೆ ಡಬ್ಬಿ ತೆರೆದು, ರೊಟ್ಟಿ ಮುರಿದು, ಅರ್ಧವನ್ನು ಆ ನೀಲಿ ಕೈಗೆ ಇಟ್ಟಳು. ಅಷ್ಟು ದೂರಕ್ಕೂ ಅವಳ ದನಿ ಕೇಳಿತು.

"ಮೊದಲ ಉಣ್ಣು. ಮುಂಜಾನಿಂದ ಇಬ್ರೂ ಉಂಡಿಲ್ಲ. ಜಗಳ ಆಮ್ಯಾಲ."