ರಾಣಿಯ ಮೊದಲ ನೋಟ

"ಎದುರಿಗೆ ನಿಂತು ಕಣ್ಣು ಬಿಡಿಸಬೇಡಿ ಮಹತ್ತಯಾ. ಬುದ್ಧನದಾಗಲಿ ರಾಣಿಯದಾಗಲಿ, ಕಣ್ಣು ಕಣ್ಣೇ," ಎಂದ ಕಿರಿ ನೈದೆ.

ಲೊರೆನ್ಸ್ ಕೆಲಾರ್ಟ್ ನಕ್ಕುಬಿಟ್ಟ. ಗಾಲೆಯಿಂದ ನಮ್ಮ ಕೊಲಂಬೊಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ, ಆಗಲೇ ಪ್ರತಿಮೆ ಕೆಲಸದ ಓವರ್‌ಸಿಯರ್ ಆಗಿದ್ದ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವಿಲಾಯತಿಯಿಂದ ಹಡಗಿನಲ್ಲಿ ಬಂದಿಳಿದ ಅಮೃತಶಿಲೆಯ ರಾಣಿಗೆ ಕಣ್ಣುಗುಡ್ಡೆ ಇತ್ತು, ಪಾಪೆ ಇರಲಿಲ್ಲ. ಕುರುಡಿಯ ಹಾಗೆ ಕಾಣುತ್ತಾಳೆಂದು ಗವರ್ನರರ ಹೆಂಡತಿ ಮುಖ ಸಿಂಡರಿಸಿದ್ದಳು. ಗುಡಿಗಳಲ್ಲಿ ಬುದ್ಧನಿಗೆ ಕಣ್ಣು ಬಿಡಿಸುವ ಮುದುಕ ನೈದೆಯನ್ನು ಕ್ಯಾಂಡಿಯಿಂದ ಕರೆಸಿದ್ದು ಅದಕ್ಕೇ. ಅನಾವರಣ ಅಂದೇ ಸಂಜೆ ನಾಲ್ಕಕ್ಕೆ.

"ನಾನಾದ್ರೆ ಬೆನ್ನು ತಿರುಗಿಸಿ ಕನ್ನಡೀಲಿ ನೋಡ್ಕೊಂಡು ಗೀರ್ತೀನಿ. ಮೊದಲ ನೋಟ ಕನ್ನಡಿಗೆ ಬೀಳುತ್ತೆ, ಕನ್ನಡಿ ಒಡೆದು ಹಾಕ್ತೀವಿ. ಗಳಿಗೆ ಇರೋದು ನಾಳೆ ಬೆಳಗ್ಗೆ."

"ಹಾಗಾದ್ರೆ ನೀನೇ ಹೋಗಿ ಗವರ್ನರ್‌ಗೆ ಹೇಳು, ಗಳಿಗೆ ಕೂಡಿಬರ್ಲಿಲ್ಲ ಅಂತ. ಗಾಲೇಲಿ ನೂರು ಗೋರಿಕಲ್ಲು ಕೆತ್ತಿದೋನು ನಾನು. ದೇವದೂತರಿಗೇ ಕಣ್ಣು ಬಿಡಿಸಿದ್ದೀನಿ, ಯಾರೂ ನನ್ನ ನುಂಗ್ಲಿಲ್ಲ. ಹೋಗಿ ನೆರಳಲ್ಲಿ ಎಲೆ ಅಡಿಕೆ ಹಾಕ್ಕೋ."

ಅವನ ಮನಸ್ಸೆಲ್ಲ ಮಗಳ ಮೇಲಿತ್ತು. ಏಳು ವರ್ಷದ ಅಡೆಲಾ ಸಂಜೆ ಪ್ರತಿಮೆಯ ಎದುರು ಮೊದಲ ಸಾಲಿನಲ್ಲಿ ಒಬ್ಬಳೇ ನಿಂತು, ಪರದೆ ಬಿದ್ದೊಡನೆ ರಾಣಿಗೆ ವಂದಿಸಬೇಕು. ಯಾರ್ಯಾರದೋ ಕೈಕಾಲು ಹಿಡಿದು ಆ ಜಾಗ ಗಿಟ್ಟಿಸಿದ್ದ. ಇಂಥ ಜಂಬದಲ್ಲಿರುವವನಿಗೆ ಮುದುಕನ ಮಾತು ಎಲ್ಲಿ ಕೇಳೀತು?

ಉಳಿ ಹಿಡಿದು ಪರದೆಯೊಳಗೆ ನುಗ್ಗಿದ. ಹಡಗಿನ ಹಾಯಿಬಟ್ಟೆ ಹೊಲಿದು ಪ್ರತಿಮೆಯ ಸುತ್ತ ಇಳಿಬಿಟ್ಟ ಪರದೆ. ಒಳಗೆಲ್ಲ ಟಾರಿನ ನಾತ, ನಡುಮಧ್ಯಾಹ್ನದ ಕಾವು, ಕಂದು ಕತ್ತಲೆ. ಏಣಿ ಹತ್ತಿ ರಾಣಿಯ ಮುಖಕ್ಕೆ ಮುಖ ಕೊಟ್ಟು ನಿಂತು ಎಡಗಣ್ಣು ಕೊರೆದ. ಬಲಗಣ್ಣು ಕೊರೆದ. ಬಾಯಿಯಿಂದ ಪುಡಿ ಊದಿದ.

ಹೊರಗೆ ಕೂಗುತ್ತಿದ್ದ ನಮ್ಮೂರ ಕಾಗೆಗಳು ಒಮ್ಮೆಲೇ ಸುಮ್ಮನಾದವು.

ಅವನು ಊದಿದ ಉಸಿರು ತಣ್ಣಗಾಗಿ ತಿರುಗಿ ಅವನ ಮುಖಕ್ಕೇ ಬಡಿಯಿತು. ಮುಚ್ಚಿದ ಬಾವಿಯೊಳಗಿನ ವಾಸನೆ. ಗಾಬರಿಯಿಂದ ಏಣಿ ಇಳಿದು ಪರದೆ ಎತ್ತಿದ. ಆಚೆಗೆ ಬೀದಿ ಇರಲಿಲ್ಲ, ಇನ್ನೊಂದು ಪರದೆ ಇತ್ತು. ಅದನ್ನೂ ಎತ್ತಿದ. ರಾಣಿ ಎದುರಿಗಿದ್ದಳು. ಬಲಕ್ಕೆ ಓಡಿದ. ಎದುರಿಗೇ ಇದ್ದಳು. ಹಿಂದಕ್ಕೆ ಓಡಿದ. ಅಲ್ಲೂ ಅವಳೇ. ಬಟ್ಟೆ ಪರಚಿದ, ಉಗುರು ಕಿತ್ತು ಬಂತು, ಬಟ್ಟೆ ಹರಿಯಲಿಲ್ಲ.

ಎಷ್ಟು ಹೊತ್ತು ಒದ್ದಾಡಿದನೋ. ಹೊರಗೆ ಬ್ಯಾಂಡು ಶುರುವಾಗಿತ್ತು, ಜನ ಸೇರುವ ಗದ್ದಲ ಕೇಳುತ್ತಿತ್ತು.

"ನೈದೆ, ಇದ್ದೀಯಾ?"

"ಇಲ್ಲೇ ಇದ್ದೀನಿ." ಮುದುಕನ ದನಿ ಬಟ್ಟೆಯ ಪಕ್ಕದಲ್ಲೇ ಇತ್ತು. "ಎದುರಿಗೇ ನಿಂತ್ರಲ್ಲಾ ಮಹತ್ತಯಾ?"

"ತಪ್ಪಾಯ್ತಪ್ಪ. ಹೊರಗೆ ಕರ್ಕೋ."

"ನನ್ನ ಕೈಲಾಗಲ್ಲ. ನೋಟ ನಿಮ್ಮನ್ನ ಹಿಡಿದಿದೆ. ಇನ್ನೊಬ್ಬರು ಎದುರಿಗೆ ಸಿಕ್ಕಿದ್ರೆ ನಿಮ್ಮನ್ನ ಬಿಟ್ಟು ಅವರನ್ನ ಹಿಡಿಯುತ್ತೆ. ಪರದೆ ಬೀಳಲಿ, ನೀವು ಹೊರಗೆ ಬರ್ತೀರಿ."

ಕೆಲಾರ್ಟ್ ಬಟ್ಟೆಗೆ ಬಾಯಿ ಒತ್ತಿ ಕೂಗಿದ. "ಎದುರಿಗಿರೋದು ನನ್ನ ಮಗಳು ಕಣೋ. ಅವಳನ್ನ ಎಳ್ಕೊಂಡು ಹೋಗು. ನಿನ್ನ ಕಾಲಿಗೆ ಬೀಳ್ತೀನಿ."

ಓಡುವ ಹೆಜ್ಜೆ ಸದ್ದು. ಆಮೇಲೆ ಪೊಲೀಸಿನವನ ಬೈಗುಳ, ಲಾಠಿ ಏಟು, ಮುದುಕನ ನರಳಾಟ. ಮೈಮೇಲೆ ಅಂಗಿಯಿಲ್ಲದ ಮುದುಕ ಬಿಳಿ ಫ್ರಾಕಿನ ಹುಡುಗಿಯ ಕೈ ಎಳೆದರೆ ನಮ್ಮ ಪೊಲೀಸರು ಬಿಟ್ಟಾರೆಯೇ?

ಈಗ ಉಳಿದ ದಾರಿ ಒಂದೇ. ಕೆಲಾರ್ಟ್ ಮತ್ತೆ ಏಣಿ ಹತ್ತಿದ. ಎರಡು ಕೈಯಿಂದ ರಾಣಿಯ ತಲೆ ತಬ್ಬಿದ. ಆ ಕಣ್ಣುಗಳಿಗೆ ತನ್ನ ಕಣ್ಣು ಒತ್ತಿಕೊಂಡ. ನನ್ನನ್ನೇ ಇಟ್ಟುಕೋ, ಅವಳನ್ನು ಬಿಡು, ಎಂದು ಬೇಡಿಕೊಂಡ. ಕಲ್ಲು ಮಂಜಿನಂತೆ ಕೊರೆಯುತ್ತಿತ್ತು. ರೆಪ್ಪೆ ಅದಕ್ಕೆ ಅಂಟಿಕೊಂಡಿತು.

ಹಗ್ಗ ಎಳೆದರು. ಪರದೆ ಬಿತ್ತು.

ಬ್ಯಾಂಡು ನಿಂತಿತು. ಯಾರೋ ಕಿಸಕ್ಕೆಂದರು. ಗವರ್ನರರ ಮುಖ ಕೆಂಪಾಯಿತು.

"ಇಳಿಸ್ರೋ ಆ ಕುಡುಕನ್ನ."

ನಾಲ್ವರು ಪೊಲೀಸರು ಓಡಿ ಬಂದರು. "ಬೇಡ. ಎಳೀಬೇಡಿ. ನನ್ನ ಇಲ್ಲೇ ಬಿಡಿ." ಕೆಲಾರ್ಟ್ ಬಿಗಿಯಾಗಿ ತಬ್ಬಿದ. ಸೊಂಟ ಹಿಡಿದರು. ಕಾಲು ಜಗ್ಗಿದರು. ಬೆರಳಿಗೆ ಲಾಠಿ ಬಿತ್ತು. ಒಂದು ಬೆರಳು ಸಡಿಲಿತು. ಇನ್ನೊಂದು. ಕೈ ಜಾರಿತು.

ಧೊಪ್ಪನೆ ನೆಲಕ್ಕೆ ಬಿದ್ದ. ಮಧ್ಯಾಹ್ನದಿಂದ ಎದೆ ಹಿಂಡುತ್ತಿದ್ದ ಹಿಡಿತ ತಟ್ಟನೆ ಸಡಿಲಾಯಿತು. ಸಮುದ್ರದ ಗಾಳಿ ಮೂಗಿಗೆ ಬಂತು. ಬೀದಿ ಕಂಡಿತು, ಜನ ಕಂಡರು. ಎತ್ತ ಬೇಕಾದರೂ ಹೋಗಬಹುದಿತ್ತು. ಅವನು ಗೋಳೋ ಎಂದು ಅತ್ತ.

ಬ್ಯಾಂಡು ಮತ್ತೆ ಶುರುವಾಯಿತು. ಹುಡುಗಿ ಎಷ್ಟು ಚೆನ್ನಾಗಿ ನಿಂತಿದ್ದಾಳೆ, ಅಲುಗಾಡುವುದೂ ಇಲ್ಲ ಎಂದು ಗವರ್ನರರ ಹೆಂಡತಿ ಮೆಚ್ಚಿದಳು. ಕೆಲಾರ್ಟ್ ತೆವಳಿ ಬಂದು ಮಗಳ ಕೈ ಹಿಡಿದ. ಅದು ಮಂಜಿನಂತೆ ಕೊರೆಯುತ್ತಿತ್ತು.

"ಅಡೆಲಾ, ಬಾ ಮಗಳೇ, ಮನೆಗೆ ಹೋಗೋಣ."

"ಎತ್ತ ಹೋದ್ರೂ ಬಟ್ಟೆ ಅಡ್ಡ ಬರುತ್ತೆ ಅಪ್ಪಾ," ಎಂದಳು ಅಡೆಲಾ. "ನೀನೆಲ್ಲಿದ್ದೀಯಾ?"