ಅಚ್ಚಿನೊಳಗೆ ಬಸವಣ್ಣ

“ಟೇಬಲ್ ಅಲ್ಲಾಡಿಸ್ಬೇಡ ಕಣೇ! ಬಬಲ್ ಬರುತ್ತೆ.”

ಬಿಂದುಶ್ರೀ ಉಸಿರು ಬಿಗಿಹಿಡಿದಳು. ಉದಯ ಚಿಕ್ಕಪ್ಪ ಲೋಟವನ್ನು ಎತ್ತರಕ್ಕೆ ಹಿಡಿದು ಸುರಿಯುತ್ತಿದ್ದ. ಹಸಿರು ಸಿಲಿಕೋನ್ ನೂಲಿನಷ್ಟು ಸಣ್ಣಗೆ ಇಳಿದು ಪ್ಲಾಸ್ಟಿಕ್ ಡಬ್ಬಿಯ ಒಂದೇ ಮೂಲೆಗೆ ಬೀಳುತ್ತಿತ್ತು. ಅಲ್ಲಿಂದ ಮೆಲ್ಲಗೆ ಹರಡಿ, ಡಬ್ಬಿಯ ನಡುವೆ ಮಲಗಿದ್ದ ಪುಟ್ಟ ಕಲ್ಲಿನ ಬಸವನ ಮಂಡಿ ಮುಚ್ಚಿತು. ಹೊಟ್ಟೆ ಮುಚ್ಚಿತು. ಕೊರಳ ಗಂಟೆ ಮುಚ್ಚಿತು.

ಕಿವಿ ಮುಳುಗಿತು. ಕೊನೆಗೆ ಎರಡು ಕೊಂಬಿನ ತುದಿ ಮಾತ್ರ ಕಾಣುತ್ತಿದ್ದವು, ಕೆರೆಗೆ ಇಳಿದ ಎಮ್ಮೆಯ ಹಾಗೆ. ಅವೂ ಹೋದವು.

“ಟಾಟಾ, ಬೈ ಬೈ,” ಅಂದ ಚಿಕ್ಕಪ್ಪ.

“ಗಟ್ಟಿ ಆಗೋಕೆ ಎಷ್ಟೊತ್ತು ಬೇಕು ಚಿಕ್ಕಪ್ಪ? ಅರ್ಧ ಗಂಟೆ?”

“ನಾಳೆ ಬೆಳಿಗ್ಗೆ ತೆಗಿಬೋದು.”

“ನಾಳೇನಾ!”

“ಮತ್ತೆ? ಉಪ್ಪಿಟ್ಟು ಅಂದ್ಕೊಂಡ್ಯಾ?”

ಬಿಂದು ಬಾಗಿಲ ಕಡೆ ತಿರುಗಿ ನೋಡಿದಳು.

ಚಿಕ್ಕಪ್ಪ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಚ್ಚು ಮಾಡುತ್ತಾನೆ. ರಜೆ ಬಂದರೆ ಗುಬ್ಬಿಯ ಮನೆಯ ಮಹಡಿಯ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಇನ್ನೂ ಪುಟ್ಟ ಪುಟ್ಟ ಅಚ್ಚು ಮಾಡುತ್ತಾನೆ. ಆಟದ ರೈಲಿನ ಚಕ್ರ, ಉಗುರಿನಷ್ಟು ಕುರ್ಚಿ, ಬೆಂಕಿಕಡ್ಡಿಯಷ್ಟು ಸಣ್ಣ ಏಣಿ, ಎಲ್ಲ ಅವನ ಟೇಬಲ್ ಮೇಲೆ ಇವೆ. ಮೊದಲು ಒಂದು ಅಸಲಿ ಸಾಮಾನು ಬೇಕು. ಅದರ ಸುತ್ತ ಸಿಲಿಕೋನ್ ಸುರಿದು ಅಚ್ಚು ಮಾಡಬೇಕು. ಆಮೇಲೆ ಅಚ್ಚಿಗೆ ರೆಸಿನ್ ಅನ್ನುವ ಅಂಟುದ್ರವ ಹೊಯ್ದರೆ ಅಂಥದೇ ಇನ್ನೊಂದು, ಮತ್ತೊಂದು, ಎಷ್ಟು ಬೇಕೋ ಅಷ್ಟು.

ಸ್ಕೂಲ್ ಎಕ್ಸಿಬಿಷನ್‌ಗೆ ಬಿಂದು ರಟ್ಟಿನಲ್ಲಿ ಸಂತೆ ಮಾಡಿದ್ದಳು. ಗಾಡಿಗಳಿದ್ದವು, ಎತ್ತುಗಳಿರಲಿಲ್ಲ. ಅಂಗಡಿಯಲ್ಲಿ ಸಿಕ್ಕ ಪ್ಲಾಸ್ಟಿಕ್ ಎತ್ತು ಆನೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. “ಒಂದೇ ಒಂದು ಒಳ್ಳೆ ಎತ್ತು ತಾ, ಹಿಂಡೇ ಮಾಡ್ಕೊಡ್ತೀನಿ,” ಅಂದಿದ್ದ ಚಿಕ್ಕಪ್ಪ.

ತಂದಳು. ದೇವರ ಮನೆಯಿಂದ.

ಅದು ಅವಳ ಮುಷ್ಟಿಯಷ್ಟು ದೊಡ್ಡ ಬಳಪದ ಕಲ್ಲಿನ ಬಸವಣ್ಣ. ಶಿವರುದ್ರಜ್ಜಿ ದಿನಾ ಬೆಳಿಗ್ಗೆ, ಸಂಜೆ ಪೂಜೆ ಮಾಡುವುದು ಅದಕ್ಕೇ. ಅಜ್ಜಿ ಹೊತ್ತಾರೆಯೇ ಕಡಬಕ್ಕೆ ಒಂದು ನಾಮಕರಣಕ್ಕೆ ಹೋಗಿದ್ದಳು. ಅಮ್ಮ ಅಂಗಡಿಗೆ ಹೋದದ್ದೇ ತಡ, ಬಿಂದು ಬಸವಣ್ಣನನ್ನು ತಂದು ಹಳೇ ಬ್ರಷ್‌ನಿಂದ ವಿಭೂತಿ, ಕುಂಕುಮ ಎಲ್ಲ ತಿಕ್ಕಿ ತೊಳೆದಳು. ತೊಳೆದ ಮೇಲೆ ಅದು ಕಪ್ಪಗೆ, ಯಾರದೋ ಮನೆಯ ಗೊಂಬೆಯ ಹಾಗಿತ್ತು.

“ಫ್ರೆಂಡ್ ಮನೇದು,” ಅಂದಿದ್ದಳು. ಚಿಕ್ಕಪ್ಪನಿಗೂ ಗುರುತು ಹತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲೇ ಇದ್ದರೂ ಅವನು ನೋಡಿದ್ದು ಹೂವು, ವಿಭೂತಿ, ಅದರೊಳಗಿನಿಂದ ಇಣುಕುವ ಎರಡು ಕೊಂಬು ಮಾತ್ರ.

“ಚಿಕ್ಕಪ್ಪ,” ಬಿಂದುವಿನ ದನಿ ಸಣ್ಣಗಾಯಿತು. “ಈಗಲೇ ತೆಗೆಯೋಕೆ ಆಗಲ್ವಾ?”

“ಈಗ ಕಿತ್ರೆ ಪಾಯಸದಲ್ಲಿ ಕೈ ಹಾಕ್ದಂಗೆ. ಸಂಜೆ ಹೊತ್ತಿಗೆ ಅರ್ಧಂಬರ್ಧ ಆಗಿರುತ್ತೆ, ಆಗ ಕಿತ್ರೆ ಇನ್ನೂ ಡೇಂಜರ್. ಕೊಂಬಿನ ಸುತ್ತ ಕಚ್ಕೊಂಡಿರುತ್ತೆ. ಎಳೆದ್ರೆ ಕೊಂಬೇ ಲಟಕ್ ಅನ್ನುತ್ತೆ. ಯಾಕೆ?”

“ಅದು... ಅಜ್ಜಿ ಬಸವಣ್ಣ.”

ಚಿಕ್ಕಪ್ಪನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

“ಯಾವ ಅಜ್ಜಿ?”

“ಎಷ್ಟು ಜನ ಅಜ್ಜಿ ಇದಾರೆ ನಂಗೆ ಇಲ್ಲಿ?”

“ಅಯ್ಯಯ್ಯೋ! ಅವ್ವ ನನ್ನ ಬುಡ್ತಾಳೇನೇ? ಸುರಿದಿದ್ದು ನಾನು!”

ಡಬ್ಬಿಯನ್ನು ಬಿಸಿಲಿಗೆ ತಂದಿಟ್ಟರು. ಬಿಸಿಗೆ ಬೇಗ ಗಟ್ಟಿಯಾಗುತ್ತದೆ ಎಂದು ಚಿಕ್ಕಪ್ಪ ಅಮ್ಮನ ಹೇರ್ ಡ್ರೈಯರ್ ತಂದು ಊದಿದ. ಬಿಂದು ಕಡ್ಡಿಯಿಂದ ಮುಟ್ಟಿ ಮುಟ್ಟಿ ನೋಡಿದಳು. ಕಡ್ಡಿಯ ತುದಿಗೆ ಹಸಿರು ಎಳೆ ಜೇನಿನ ಹಾಗೆ ಎದ್ದು ಬರುತ್ತಿತ್ತು. ಬಿಸಿಲು ಎದುರು ಮನೆಯ ತೆಂಗಿನಮರದ ಹಿಂದೆ ಸರಿಯಿತು.

“ಒಂದು ಕೆಲಸ ಮಾಡು,” ಚಿಕ್ಕಪ್ಪ ಪಿಸುಗುಟ್ಟಿದ, ಯಾರೂ ಇಲ್ಲದಿದ್ದರೂ. “ಜಾಸ್ತಿ ಹೂವು ಇಡು. ಒಂದು ಸಂಜೆ ತಾನೆ, ಗೊತ್ತಾಗಲ್ಲ.”

ಬಿಂದು ಬಸವಣ್ಣನ ಜಾಗದಲ್ಲಿ ಸೇವಂತಿಗೆ ಗುಡ್ಡೆ ಹಾಕಿದಳು. ದೂರ ನಿಂತು ನೋಡಿದಳು. ನಿಜಕ್ಕೂ ಗೊತ್ತಾಗುತ್ತಿರಲಿಲ್ಲ.

ಸಂಜೆ ಅಜ್ಜಿ ಬಸ್ಸಿಳಿದು ಬಂದಳು. ಕಾಲು ತೊಳೆದಳು. “ಮಗೀಗೆ ರುದ್ರಾಂಶ್ ಅಂತ ಇಟ್ರು ಕಣೇ. ನಂಗೆ ನಾಲಿಗೇನೇ ಹೊರಳಲ್ಲ,” ಎಂದು ನಗುತ್ತ ದೇವರ ಮನೆಗೆ ಹೋಗಿ ಮಣೆಯ ಮೇಲೆ ಕೂತಳು. ದೀಪ ಹಚ್ಚಿದಳು. ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತ ಹೆಬ್ಬೆರಳಿಗೆ ವಿಭೂತಿ ತಗೊಂಡು ಕೈ ಚಾಚಿದಳು.

ಬಾಗಿಲ ಮರೆಯಲ್ಲಿ ಬಿಂದು ನೋಡುತ್ತಲೇ ಇದ್ದಳು. ಅಜ್ಜಿ ಕಣ್ಣು ಬಿಡಲಿಲ್ಲ. ಹೆಬ್ಬೆರಳು ತಾನಾಗಿಯೇ ಹೂವಿನೊಳಗೆ ಹೋಯಿತು. ಇನ್ನೂ ಒಳಗೆ ಹೋಯಿತು. ಅಲ್ಲೇ ನಿಂತಿತು.

ಅಜ್ಜಿ ಕಣ್ಣು ಬಿಟ್ಟಳು. “ಬಸವಣ್ಣ ಎಲ್ಲಿ?”

ಬಿಂದು ಮಹಡಿಗೆ ಓಡಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಹಿಂದೆಯೇ ಚಿಕ್ಕಪ್ಪ ಬಂದು ಬಾಗಿಲ ಹತ್ತಿರವೇ ನಿಂತ.

“ಇದರೊಳಗೆ ಇದಾನೆ ಅಜ್ಜಿ. ಎತ್ತು ಬೇಕಿತ್ತು, ನಾನೇ ತಗೊಂಡೆ. ಚಿಕ್ಕಪ್ಪಂಗೆ ಗೊತ್ತಿರ್ಲಿಲ್ಲ.”

ಅಜ್ಜಿ ಹಸಿರು ಗಡ್ಡೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಅಲ್ಲಾಡಿಸಿ ಕಿವಿಯ ಹತ್ತಿರ ತಂದಳು.

“ಮುರಿದೋಗವ್ನಾ?”

“ಇಲ್ಲವ್ವ,” ಅಂದ ಚಿಕ್ಕಪ್ಪ. “ನಾಳೆ ಹುಷಾರಾಗಿ ಕುಯ್ದು ತೆಗಿತೀನಿ.”

“ಈಗ ಮೂತಿ ಯಾವ ಕಡೆ ಐತೆ?”

“ಏನು?”

“ಅವನ ಮೂತಿ ಕಣೋ. ನಾನು ಬೆನ್ನಿಗೆ ದೀಪ ತೋರಿಸ್ಲಾ?”

ಚಿಕ್ಕಪ್ಪ ತಡವರಿಸಿ ಡಬ್ಬಿಯ ಒಂದು ಪಕ್ಕ ತೋರಿಸಿದ. ಅಜ್ಜಿ ಹೂವು ಸರಿಸಿ, ಡಬ್ಬಿಯನ್ನು ಅಲ್ಲೇ ಇಟ್ಟು, ಆ ಪಕ್ಕವನ್ನು ತನ್ನ ಕಡೆ ತಿರುಗಿಸಿದಳು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಮುಟ್ಟಿಕೊಂಡಳು. “ನನ್ನ ಲಿಂಗ ದಿನಾ ಕರಡಿಗೆ ಒಳಗೆ ಇರಲ್ವಾ? ಇವನೂ ಒಂದಿನ ಇರ್ಲಿ ಬುಡು.”

ಡಬ್ಬಿಗೆ ವಿಭೂತಿ ಹಚ್ಚಿದಳು. ಮಂಗಳಾರತಿ ಮಾಡಿದಳು. ಚಿಕ್ಕಪ್ಪ ನಗು ತಡೆಯಲು ತುಟಿ ಕಚ್ಚಿಕೊಂಡ. ಆದರೆ ಬಿಂದುವಿಗೆ ನಗು ಬರಲಿಲ್ಲ. ಅಜ್ಜಿ ಅವಳ ಕಡೆ ನೋಡಿಯೇ ಇರಲಿಲ್ಲ.

“ನನ್ನ ಕೇಳಿದ್ರೆ ಬೇಡ ಅಂತಿದ್ನಾ?” ಎಂದಳು ಅಜ್ಜಿ ಕೊನೆಗೆ.

“ಅಂತಿದ್ದೆ ಅಜ್ಜಿ.”

ಅಜ್ಜಿ ಆರತಿ ತಟ್ಟೆ ಕೆಳಗಿಟ್ಟಳು. “ಹೂಂ. ಅಂತಿದ್ದೆ.”

ಆ ರಾತ್ರಿ ಊಟಕ್ಕೆ ಕೂತಾಗ ಬಿಂದುವಿನ ಮುದ್ದೆಗೆ ತುಪ್ಪ ಬೀಳಲಿಲ್ಲ. ದಿನಾ ಕೇಳದೆಯೇ ಹಾಕುವವಳು ಅಜ್ಜಿ. ಬಿಂದು ಕೇಳಲೂ ಇಲ್ಲ.

ಬೆಳಿಗ್ಗೆ ಎಲ್ಲರೂ ಹಜಾರದಲ್ಲಿ ಸೇರಿದರು. ಚಿಕ್ಕಪ್ಪ ಡಬ್ಬಿ ಬಿಚ್ಚಿದ. ಒಳಗಿನ ಗಡ್ಡೆ ರಬ್ಬರಿನ ಹಾಗೆ ಮೆತ್ತಗಿದ್ದರೂ ಗಟ್ಟಿಯಾಗಿತ್ತು. ಅವನು ಬ್ಲೇಡು ತಗೊಂಡು ಅಂಕುಡೊಂಕಾಗಿ ಕುಯ್ಯತೊಡಗಿದ.

“ನೆಟ್ಟಗೆ ಕುಯ್ಯೋಕೆ ಬರಲ್ವೇನೋ?” ಅಂದಳು ಅಜ್ಜಿ.

“ಬೇಕಂತಲೇ ಸೊಟ್ಟಗೆ ಕುಯ್ಯೋದವ್ವ. ಆಮೇಲೆ ಜೋಡಿಸಿದ್ರೆ ಹಲ್ಲಿಗೆ ಹಲ್ಲು ಕೂರ್ಬೇಕಲ್ಲ.”

ಕೊಂಬಿನ ಹತ್ತಿರ ಬಂದಾಗ ಬ್ಲೇಡು ಕೆಳಗಿಟ್ಟ. ಎರಡು ಹೆಬ್ಬೆರಳಿನಿಂದ ಸಿಲಿಕೋನನ್ನು ಅಗಲಿಸಿದ. ಬಿಂದು ಕಣ್ಣು ಮುಚ್ಚಿಕೊಂಡಳು. ಪ್ಲಕ್ ಎಂದು ಸದ್ದಾಯಿತು. ಕಣ್ಣು ಬಿಟ್ಟಾಗ ಬಸವಣ್ಣ ಚಿಕ್ಕಪ್ಪನ ಅಂಗೈಯಲ್ಲಿ ಮಲಗಿದ್ದ. ಎರಡು ಕೊಂಬು. ಎರಡು ಕಿವಿ. ಗಂಟೆ.

ಅಜ್ಜಿ ಅವನನ್ನು ಎತ್ತಿಕೊಂಡು ಒಳಗೆ ಹೋದಳು.

ಚಿಕ್ಕಪ್ಪ ಅಚ್ಚನ್ನು ಮತ್ತೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ. ರೆಸಿನ್ನಿನ ಎರಡು ಬಾಟಲಿಯಿಂದ ಸಮಸಮ ಬೆರೆಸಿ ಒಳಗೆ ಹೊಯ್ದ. ಇದು ಸಿಲಿಕೋನಿನ ಹಾಗೆ ಸತಾಯಿಸಲಿಲ್ಲ. ಅವರು ಕಾಫಿ ಕುಡಿದು ಬರುವಷ್ಟರಲ್ಲಿ ಬಿಸಿಯಾಗಿ, ಬೆಳ್ಳಗೆ, ಗಟ್ಟಿಯಾಗಿತ್ತು. ಅಚ್ಚು ಬಿಚ್ಚಿದಾಗ ಹಾಲಿನ ಬಣ್ಣದ ಬಸವ ಹೊರಗೆ ಬಂದ.

“ಚಿಕ್ಕಪ್ಪ, ಬಬಲ್!” ಬಿಂದು ಕೂಗಿದಳು. ಬಸವನ ಹಣೆಯ ಮೇಲೆ ಒಂದು ತಗ್ಗು ಇತ್ತು.

ಚಿಕ್ಕಪ್ಪ ಅದನ್ನು ಬೆಳಕಿಗೆ ಹಿಡಿದ. “ಬಬಲ್ ಅಲ್ಲ ಕಣೇ. ಬಬಲ್ ಆದ್ರೆ ಗುಂಡಿ ಥರ ಇರುತ್ತೆ. ಇದು ಸವೆದಂಗೆ ನುಣ್ಣಗೈತೆ. ಅಸಲಿಯಲ್ಲೇ ಇರ್ಬೇಕು. ಸಿಲಿಕೋನು ಏನೂ ಬಿಡಲ್ಲ, ಇದ್ದಿದ್ದನ್ನೆಲ್ಲ ತಗೊಂಡ್ಬಿಡುತ್ತೆ. ತಾಳು, ಫಿಲ್ಲರ್ ತರ್ತೀನಿ, ತುಂಬಿಸಿ ಸರಿ ಮಾಡೋಣ.”

ಅವನು ಮಹಡಿಗೆ ಹೋದ. ಬಿಂದು ಬಿಳಿ ಬಸವನನ್ನು ಹಿಡಿದುಕೊಂಡು ಅಸಲಿಯನ್ನು ನೋಡಲು ದೇವರ ಮನೆಯ ಬಾಗಿಲಿಗೆ ಬಂದಳು.

ಅಜ್ಜಿ ಪೂಜೆಗೆ ಕೂತಿದ್ದಳು. ಕಣ್ಣು ಮುಚ್ಚಿದ್ದಳು. ವಿಭೂತಿ ಹತ್ತಿದ ಹೆಬ್ಬೆರಳು ಮುಂದೆ ಹೋಯಿತು. ಹುಡುಕಲಿಲ್ಲ, ತಡವರಿಸಲಿಲ್ಲ. ನೇರವಾಗಿ ಬಸವಣ್ಣನ ಹಣೆಯ ತಗ್ಗಿನಲ್ಲಿ ಹೋಗಿ ಕೂತಿತು. ಬಾಗಿಲಿಗೆ ಅಗುಳಿ ಕೂರುವ ಹಾಗೆ.

ಬಿಂದು ತನ್ನ ಕೈಯಲ್ಲಿದ್ದ ಬಿಳಿ ಬಸವನ ಹಣೆ ನೋಡಿದಳು. ಮತ್ತೆ ಅಜ್ಜಿಯ ಹೆಬ್ಬೆರಳು ನೋಡಿದಳು.

“ಫಿಲ್ಲರ್ ಸಿಕ್ತು ಕಣೇ,” ಮೆಟ್ಟಿಲ ಮೇಲಿಂದ ಚಿಕ್ಕಪ್ಪ ಕೂಗಿದ. “ತುಂಬಿಸ್ಲಾ?”

“ಬೇಡ ಚಿಕ್ಕಪ್ಪ.”

“ಎಲ್ಲಾ ಎತ್ತಿಗೂ ಬರುತ್ತಲ್ಲೇ ಆ ತಗ್ಗು!”

“ಬರ್ಲಿ.”

ಅಜ್ಜಿ ಒಂದು ಕಣ್ಣು ತೆರೆದಳು. “ಅಲ್ಲೇನು ನಿಂತಿದೀಯ? ಬಾ, ಗಂಟೆ ಹೊಡಿ.”

ಬಿಂದು ಒಳಗೆ ಹೋಗಿ ಅಜ್ಜಿಗೆ ಅಂಟಿಕೊಂಡು ಕೂತಳು. ಒಂದು ಕೈಯಲ್ಲಿ ಗಂಟೆ ಅಲ್ಲಾಡಿಸಿದಳು. ಇನ್ನೊಂದು ಕೈಯಲ್ಲಿ, ಲಂಗದ ಮರೆಯಲ್ಲಿ, ಬಿಳಿ ಬಸವನ ಹಣೆಯ ತಗ್ಗಿನಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಸುತ್ತಲೂ ಇನ್ನೂ ಜಾಗ ಉಳಿದಿತ್ತು.