ಒಡೆಯದ ಅರಗು

೧೯೧೮ರ ಅಕ್ಟೋಬರ್ ೨೨, ಬೆಳಿಗ್ಗೆ ಎಂಟು. ಹುಕ್ಕೇರಿ ಠಾಣೆಗೆ ತಾಲೂಕಿನ ಮಾಮಲೇದಾರ ಕಚೇರಿಯಿಂದ ಫಿರ್ಯಾದು ಬಂತು. ಜ್ವರದ ಕಾಲದಲ್ಲಿ ಜನರ ತಕರಾರು ಕೇಳಲು ನೇಮಕವಾಗಿದ್ದ ಸಾಹೇಬರು ಎಂಟು ದಿನದ ಹಿಂದೆ ಘೋಡಗೇರಿಯಿಂದ ಕಳಿಸಿದ ವರದಿ ಮುಟ್ಟಿರಲಿಲ್ಲ. ಹುಕುಂ ಮಾಡುವ ಅಧಿಕಾರ ಅವರಿಗಿರಲಿಲ್ಲ. ಕೇಳಿದ್ದನ್ನು ಬರೆದು ತಿಳಿಸಬಹುದಿತ್ತು, ಅಷ್ಟೇ. ಆ ಬರಹ ಬಾರದೆ ಮಾಮಲೇದಾರರೂ ಸುಮ್ಮನಿದ್ದರು. ಕಾಯುವುದರಲ್ಲಿ ಕಚೇರಿಗಳನ್ನು ಮೀರಿಸುವವರಿಲ್ಲ. ಜ್ವರ ಮಾತ್ರ ಕಾಯಲಿಲ್ಲ.

ಸಾಹೇಬರು ತಮ್ಮಲ್ಲಿ ಇಟ್ಟುಕೊಂಡು ಈಗ ಕಳಿಸಿದ್ದ ನಕಲು ಫಿರ್ಯಾದಿನ ಜೊತೆಗಿತ್ತು. ಫೌಜದಾರ ರಾವಸಾಹೇಬರು ಅದನ್ನು ಓದಿ ಜೇಬಿಗಿಟ್ಟು, ಕಾನ್‌ಸ್ಟೇಬಲ್ ಶಿದ್ರಾಮನೊಂದಿಗೆ ಘೋಡಗೇರಿಗೆ ಹೊರಟರು.

ಟಪಾಲು ಒಯ್ದವನು ಅಲ್ಲಿಯ ದವಾಖಾನೆಯ ಜವಾನ ಖಂಡೆಪ್ಪ. ತಕರಾರು ಇದ್ದದ್ದೂ ಅವನ ಮೇಲೆಯೇ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿ, ಜ್ವರದ ಮಗಳನ್ನು ಹೊತ್ತು ತಂದ ಶಿವವ್ವನನ್ನು ತಿರುಗಿ ಕಳಿಸಿದ್ದ. ಮಗಳು ಸಂಜೆಗೆ ತೀರಿಕೊಂಡಿದ್ದಳು.

“ಲಕೋಟಿ ಎಲ್ಲಿ?” ರಾವಸಾಹೇಬರು ಖಂಡೆಪ್ಪನನ್ನು ಕೇಳಿದರು.

“ದಾರ್‍ಯಾಗ ಬಿದ್ದೈತ್ರಿ.”

“ಚೀಲದಾಗ ಎಷ್ಟಿದ್ದುವು?”

“ಐದ್ರಿ.”

“ನಾಕು ಮುಟ್ಟ್ಯಾವ. ಚೀಲದ ಬಾಯಿ ಕಟ್ಟಿದ್ದು ಕಟ್ಟಿದಂಗ ಇತ್ತಂತ. ಒಂದೇ ಹ್ಯಾಂಗ ಬಿತ್ತೋ?”



ಎರಡು ಗಂಟೆಗೆ ಪಂಚರೆದುರು ಖಂಡೆಪ್ಪನ ಮನೆ ಶೋಧಿಸಿದರು. ಜಂತಿಯ ಸಂದಿಯಲ್ಲಿ ಲಕೋಟೆ ಶಿದ್ರಾಮನ ಕೈಗೆ ಸಿಕ್ಕಿತು. ಅರಗಿನ ಮುದ್ರೆ ಒಡೆದಿಲ್ಲವೆಂದು ಪಂಚನಾಮೆಯಲ್ಲಿ ಬರೆದರು.

“ಯಾಕ ಮುಚ್ಚಿಟ್ಟಿ?”

“ಸಾಹೇಬ್ರು ಬರಿಯೂ ಮುಂದ ನನ್ನ ಹೆಸರು ಎರಡು ಸಲ ಅಂದ್ರು. ನೌಕರಿ ಹೋತು ಅಂತ ತಿಳಕೊಂಡೆ. ಮನ್ಯಾಗ ಆರು ಮಂದಿ ಅದೇವ್ರಿ. ಸರಕಾರದ ಕಾಗದ, ಸುಡಾಕ ಧೈರ್ಯ ಆಗಲಿಲ್ಲ.”

ರಾವಸಾಹೇಬರು ನಕಲು ತೆಗೆದು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದರು: “ಖಂಡೆಪ್ಪಂದು ತಪ್ಪಿಲ್ಲ. ಹನ್ನೆರಡಕ್ಕ ಮುಚ್ಚು ಅನ್ನೂ ಹುಕುಂ ತಪ್ಪು. ಕತ್ತಲಾಗೂತನಕ ದವಾಖಾನಿ ತೆರದಿರಲಿ. ಬಾಗಲಕ್ಕ ಖಂಡೆಪ್ಪನ್ನೇ ಇಡ್ರಿ. ಹಿಂಗ ಬರದಾರ.”

ಖಂಡೆಪ್ಪ ತಾನಾಗಿಯೇ ಹೇಳಿದ:

“ಮೊನ್ನೆ ಶನಿವಾರ ಶಿವವ್ವ ಮಗನ್ನೂ ಹೊತ್ತಕೊಂಡು ಬಂದಿದ್ಲರಿ. ಹನ್ನೆರಡು ಹೊಡದಿತ್ತು. ನಾನೇ ಬಾಗಲಾ ಹಾಕಿದೆ. ಆ ಕೂಸೂ ಹೋತ್ರಿ.”

ನಾಲ್ಕು ಗಂಟೆಗೆ ರಾವಸಾಹೇಬರು ಅವನನ್ನು ದಸ್ತಗಿರಿ ಮಾಡಿ, ವರದಿಯಲ್ಲಿ ಅಪರಾಧದ ಕಾರಣದ ಮುಂದೆ ‘ಅಂಜಿಕೆ’ ಎಂದಷ್ಟೇ ಬರೆದರು.

ಮರುದಿನವೇ ಮಾಮಲೇದಾರರ ಹುಕುಂ ಬಂತು. ದವಾಖಾನೆಯ ಬಾಗಿಲು ಕತ್ತಲಾಗುವವರೆಗೆ ತೆರೆದಿತ್ತು. ಅಲ್ಲಿಗೆ ಹೊತ್ತು ತರಲು ಶಿವವ್ವನಿಗೆ ಯಾರೂ ಉಳಿದಿರಲಿಲ್ಲ.